ನಡಾವಳಿಯಲ್ಲಿ ಬಿಟ್ಟ ಜಾಗ

ತಿಂಗಳ ಎರಡನೇ ಶನಿವಾರ, ಹನ್ನೊಂದಕ್ಕೆ ಸಭೆ.
ದಾವಣಗೆರೆಯ ರೈಲ್ವೆ ಗೇಟಿನ ಹತ್ತಿರ, ಹಳೇ ಹತ್ತಿ ಮಿಲ್ಲಿನವರ
ಸಹಕಾರ ಸಂಘದ ಮಹಡಿ. ಒಂಬತ್ತು ಕುರ್ಚಿ,
ಬರುವವರು ಐದು. ಕೋರಂ ಆಯಿತೆಂದು
ಬರೆಯುವುದು ನನ್ನ ಕೆಲಸ.

ಮಾಜಿ ಸೈನಿಕರ ಸ್ಥಳೀಯ ಸಲಹಾ ಸಮಿತಿ ಎಂದು ಬೋರ್ಡು.
‘ಸಲಹಾ’ ಎಂಬುದೊಂದನ್ನು ಪೇಂಟರು
ಸಣ್ಣದಾಗಿ ತುರುಕಿದ್ದಾನೆ, ಜಾಗ ಸಾಲದೆ.
ನಮಗಿರುವುದು ಅದಷ್ಟೇ. ಹಣವಿಲ್ಲ, ಅಧಿಕಾರವಿಲ್ಲ,
‘ಪರಿಶೀಲಿಸಬಹುದು’ ಎಂಬ ಒಂದು ಕ್ರಿಯಾಪದ.

ಹೋದ ನವೆಂಬರಿನಲ್ಲಿ ಬಂದವನು ಓಬಳೇಶ.
ಜಗಳೂರು ಕಡೆಯವನು, ತೋಪಿನ ಪಲ್ಟನ್ನು.
ಎರಡು ಕಿವಿ ಫಿರಂಗಿಗೆ ಕೊಟ್ಟು,
ಬೆರಳ ತುದಿಗಳನ್ನು ಹಿಮಕ್ಕೆ ಕೊಟ್ಟು,
ಉಳಿದದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ಬಂದಿದ್ದ.
ಬ್ಯಾಂಕಿನ ಯಂತ್ರ ಅವನ ಹೆಬ್ಬೆಟ್ಟು ಒಪ್ಪದು.
ಹೆಬ್ಬೆಟ್ಟು ಒಪ್ಪದಿದ್ದರೆ ಮನುಷ್ಯ ಬದುಕಿಲ್ಲ.
ಕಣ್ಣು ತೋರಿಸೋಣವೆಂದರೆ ಪೊರೆ.

‘ನಾ ಸತ್ತಿಲ್ಲ ಅಂತ ಯಾರಿಗ್ ಹೇಳ್ಲಿ?’ ಅಂದ.
ಕೂಗಿದ ಅಂತಲೇ ಅನ್ನಿ. ತನ್ನ ದನಿ ತನಗೇ ಕೇಳದವನು
ಪರೇಡ್ ಮೈದಾನದ ಅಳತೆಗೆ ಮಾತಾಡುತ್ತಾನೆ.
ಕೆಳಗೆ ಸೈಕಲ್ಲಿನವನೊಬ್ಬ ಬ್ರೇಕು ಹಿಡಿದು ಮೇಲೆ ನೋಡಿದ.

ಸುಬೇದಾರ್ ಪಾಲಯ್ಯ ಕನ್ನಡಕ ತೆಗೆದು ಒರೆಸಿದರು.
ಬ್ಯಾಂಕಿನಲ್ಲಿ ಕೂದಲು ಉದುರಿಸಿಕೊಂಡ ಗುರುಸಿದ್ದಪ್ಪ
ಸುತ್ತೋಲೆಯ ನಂಬರು ಬಾಯಲ್ಲೇ ಹೇಳಿದರು:
ಕೈಬರಹದ ಪತ್ರ ನಡೆಯುತ್ತದೆ, ಕೊಡಬೇಕು, ಕೊಡಲೇಬೇಕು.
ಮಂಡಕ್ಕಿ ಭಟ್ಟಿಯ ಜಬೀವುಲ್ಲಾ ಬಂದೂಕು ಮುಟ್ಟಿದವರಲ್ಲ,
ಭಟ್ಟಿ ಕಾಯಲು ಇಬ್ಬರು ಮಾಜಿ ಜವಾನರನ್ನು ಇಟ್ಟುಕೊಂಡವರು.
ಅವರು ಅಂದದ್ದು ಇಷ್ಟೇ: ‘ಗಾಡಿ ಐತೆ, ಹೋಗಾಣ್ ಬರ್ರಿ.’

ನಾನು ಬರೆದೆ:
ವಿಷಯ ೪. ಅರ್ಜಿದಾರರಿಗೆ ಸೂಕ್ತ ಸಲಹೆ ನೀಡಲಾಯಿತು.

ಸಲಹೆ ಮಂಡಕ್ಕಿ ಚೀಲಗಳ ನಡುವೆ ಟೆಂಪೋದಲ್ಲಿ ಕೂತು ಹೋಯಿತು.
ಬ್ಯಾಂಕಿನ ಬೆಂಚಿನ ಮೇಲೆ ಎರಡೂವರೆ ತಾಸು ಕಾಯಿತು.
ಮ್ಯಾನೇಜರು ಊಟಕ್ಕೆದ್ದರೂ ತಾನು ಏಳಲಿಲ್ಲ.
ಮರುವಾರ ಮತ್ತೆ. ಈ ಸಲ ಮೆಡಲು ಹಾಕಿಸೋಣವೇ ಎಂದದ್ದಕ್ಕೆ
ಪಾಲಯ್ಯ ನನ್ನನ್ನು ಬೈದರು:
‘ಭಿಕ್ಷೆಗೆ ಹೊಂಟೀವೇನ್ರಿ?’
ಮೂರನೇ ಸಲ ಮ್ಯಾನೇಜರು ಪೆನ್ನು ತೆಗೆದರು.
ಈತ ನನ್ನೆದುರು ನಿಂತಿದ್ದಾನೆ, ಜೀವಂತನಿದ್ದಾನೆ.
ಸಹಿ. ಮೊಹರು. ಮೊಹರಿನ ಶಾಯಿ ಆರುವ ತನಕ
ಓಬಳೇಶ ಅದನ್ನು ಊದುತ್ತಿದ್ದ,
ಬಿಸಿ ಹಾಲು ಊದಿದ ಹಾಗೆ.

ನನಗೆ ಇದೆಲ್ಲ ಗೊತ್ತು. ಹನ್ನೊಂದು ವರ್ಷದ ಹಿಂದೆ
ಈ ಮೇಜಿನ ಆಚೆ ಬದಿಗೆ ಕೂತಿದ್ದವಳು ನಾನು.
ನನ್ನ ಹೆಸರು ಹೊನ್ನೂರಮ್ಮ.
ಗಂಡನ ಪಲ್ಟನ್ನಿನ ಕಾಗದದಲ್ಲಿ ಹೊನ್ನಮ್ಮ.
ನಡುವಿನ ಊರೊಂದು ಬಿಟ್ಟುಹೋಗಿತ್ತು.
ಆ ಊರನ್ನು ಮರಳಿ ನನ್ನ ಹೆಸರಿಗೆ ಸೇರಿಸಲು
ಹದಿನಾಲ್ಕು ತಿಂಗಳು ಹಿಡಿಯಿತು,
ಪಾಲಯ್ಯನವರ ಎರಡು ಜೊತೆ ಚಪ್ಪಲಿ ಹಿಡಿಯಿತು.

ಜನವರಿಯ ಸಭೆಗೆ ಓಬಳೇಶ ಕರೆಯದೆ ಬಂದ,
ಮಿರ್ಚಿಯ ಪೊಟ್ಟಣ, ಎಣ್ಣೆ ಇನ್ನೂ ಇಳಿಯುತ್ತಿತ್ತು.
ನಾಲ್ಕು ಮಾತು ಆಡ್ತೀನಿ ಅಂತ ಎದ್ದು ನಿಂತ.
ಅಷ್ಟರಲ್ಲಿ ಗೂಡ್ಸು ಬಂತು.
ಗೂಡ್ಸು ಬಂದರೆ ನಾವು ಬಾಯಿ ಮುಚ್ಚುತ್ತೇವೆ,
ಇಲ್ಲಿನ ಅಭ್ಯಾಸ ಅದು.
ಅವನು ಮಾತಾಡುತ್ತಲೇ ಇದ್ದ.
ಮಹಡಿ ನಡುಗಿದ್ದು ಕಾಲಿಗೆ ಗೊತ್ತಾಗಿರಬೇಕು,
ಆದರೂ ನಿಲ್ಲಿಸಲಿಲ್ಲ. ಐವತ್ತು ಬೋಗಿ
ಅವನ ತುಟಿಗಳ ಮೇಲೆ ಹಾದುಹೋದವು.
ಒಮ್ಮೆ ನಕ್ಕ. ಒಮ್ಮೆ ಜಬೀವುಲ್ಲಾರ ಭುಜ ಹಿಡಿದು
ಕಿಟಕಿಯ ಕಡೆ ನೋಡಿದ.
ಕೊನೆಯ ಬೋಗಿ ಹೋದ ಮೇಲೆ ನಮಗೆ ಕೇಳಿದ್ದು
‘ಅಷ್ಟೇ ರೀ’ ಎಂಬುದೊಂದೇ.

ಇನ್ನೊಮ್ಮೆ ಹೇಳು ಎನ್ನಲು ಯಾರಿಗೂ ಆಗಲಿಲ್ಲ.
ವಿಷಯ ೧ ಎಂದು ಬರೆದು
ನಾಲ್ಕು ಗೆರೆ ಖಾಲಿ ಬಿಟ್ಟೆ.
ಸಹಿಗೆ ಪುಸ್ತಕ ತೆಗೆದುಕೊಂಡ ಪಾಲಯ್ಯ
ಆ ಜಾಗವನ್ನು ಓದುವವರಂತೆ ನೋಡಿದರು,
ಅದರ ಕೆಳಗೆ ಸಹಿ ಹಾಕಿದರು.