ಎತ್ತು ಕಟ್ಟದ ಮನೆ

ನನ್ನಜ್ಜ ಎಲಿಸಾರ್ದೊ ಮನೆ ಬದಲಿಸಿದ್ದು ಹೀಗೆ:
ಮನೆಯನ್ನೇ ಎಳೆದುಕೊಂಡು ಹೋದ.
ಗೋಡೆ, ಮಾಡು, ಕಿಟಕಿಯ ಗಾಜು,
ಒಲೆಯೊಳಗಿನ ಬೂದಿ ಸಮೇತ.
ಅಡಿಗೆ ದುಂಡು ದಿಮ್ಮಿ, ಮುಂದೆ ಹನ್ನೆರಡು ಜೋಡಿ ಎತ್ತು,
ಹಿಂದೆ ಕೂಗುತ್ತ ಇಡೀ ಕೇರಿ.
ದಡ ಮುಟ್ಟಿದ ಮೇಲೆ ಭರತಕ್ಕೆ ಕಾದು
ದೋಣಿಗಳಿಗೆ ಹಗ್ಗ ಬಿಗಿದು
ಆಚೆಯ ದ್ವೀಪಕ್ಕೆ ದಾಟಿಸಿದರು.
ಮನೆ ಎಮ್ಮೆಯ ಹಾಗೆ ಈಜಿತಂತೆ,
ಮೂಗು ಮಾತ್ರ ಮೇಲೆ.
ಕೂಲಿ ಯಾರಿಗೂ ಇಲ್ಲ. ಊಟ, ಸೇಬಿನ ಹೆಂಡ,
ರಾತ್ರಿಯಿಡೀ ಕುಣಿತ.
ಅಜ್ಜಿ ಇಳಿಯಲೇ ಇಲ್ಲ. ಒಳಗೆ ಕೂತು
ಆಲೂಗಡ್ಡೆ ಸುಲಿಯುತ್ತಿದ್ದಳು.

ನಾವು ಹೊರಟದ್ದು
ನಾಲ್ಕು ಚೀಲ, ಎರಡು ಮಕ್ಕಳು, ಒಂದು ಬಾಣಲೆ.
ಎದೆಲ್ಮಿರಾಳಿಗೆ ಕೆಲಸ ಸಿಕ್ಕಿದೆ ಕಲಾಮಾದಲ್ಲಿ,
ತಾಮ್ರದ ಗಣಿಯ ಲಾರಿ ಓಡಿಸುವುದು.
ಮೂರು ಮಹಡಿಯ ಲಾರಿ. ಒಂದು ಚಕ್ರ
ನನ್ನ ಮೇಲೆ ನಾನೇ ನಿಂತಷ್ಟು ಎತ್ತರ.
ಫೋಟೋ ನೋಡಿ ಅವಳಮ್ಮ ಶಿಲುಬೆಯ ಗುರುತು ಮಾಡಿಕೊಂಡಳು.
ಚಿಪ್ಪಿಮೀನಿನ ಹಗ್ಗ ಎಳೆಯುವ ನನ್ನ ಕೆಲಸ
ಕಡಲು ಕೆಂಪಾದ ವರ್ಷವೇ ಹೋಗಿತ್ತು.
"ಯಾರು ದುಡಿದರೇನು" ಎಂದಿದ್ದೆ.
ಬಸ್ಸು ಹತ್ತಿದ ಮೇಲೆ ಆ ಮಾತು
ಗಂಟಲಲ್ಲಿ ಮೀನಿನ ಮುಳ್ಳು.

ಜಲಸಂಧಿ ದಾಟುವಾಗ ಎಲುನೆಯ್ ಕೇಳಿದಳು:
"ನಮ್ಮನೆ ಯಾವಾಗ ಬರುತ್ತೆ?"
ನಾಲ್ಕು ವರ್ಷದವಳಿಗೆ ಅಜ್ಜನ ಕತೆ ಹೇಳಿದ್ದು
ನನ್ನದೇ ತಪ್ಪು.
ಹಿಂದಿನ ಬಸ್ಸಿಗೆ, ಅಂದೆ.

ಎರಡು ರಾತ್ರಿ. ಕೂಸು ಫ್ರೊಯ್ಲಾನ್
ನನ್ನ ಒಳ್ಳೆಯ ಅಂಗಿಯ ಮೇಲೆ ಎರಡು ಸಲ ಕಾರಿದ.
ಹೊರಗೆ ಹಸಿರು ತೆಳ್ಳಗಾಗುತ್ತ ಬಂತು,
ಕೊನೆಯ ಪಂಕ್ತಿಗೆ ಬಡಿಸುವ ಸಾರಿನ ಹಾಗೆ.
ಆಮೇಲೆ ಮುಳ್ಳುಕಳ್ಳಿ. ಆಮೇಲೆ ಕಲ್ಲು.
ಆಮೇಲೆ ಯಾರೂ ಯಾವತ್ತೂ
ಏನನ್ನೂ ಬಿತ್ತಿಲ್ಲದ ನೆಲ, ನಾಚಿಕೆಯಿಲ್ಲದೆ
ಆಕಾಶದವರೆಗೆ ಮಲಗಿತ್ತು.
ಎದೆಲ್ಮಿರಾ ನಿದ್ದೆಯಲ್ಲೂ ಬಲಗಾಲು ಒತ್ತುತ್ತಿದ್ದಳು,
ಇಲ್ಲದ ಬ್ರೇಕಿನ ಮೇಲೆ.

ಇಲ್ಲಿ ಎರಡು ಕೋಣೆ, ತಗಡಿನ ಮಾಡು.
ಮೊದಲ ವಾರ ನಾಲ್ವರ ಮೂಗಿನಲ್ಲೂ ರಕ್ತ.
ನೀರಿನ ಋಣ ಅನ್ನುತ್ತಾರಲ್ಲ,
ಇಲ್ಲಿ ಅದು ತಿಂಗಳಿಗೊಮ್ಮೆ ಬಿಲ್ಲಾಗಿ ಬರುತ್ತದೆ.
ಆದರೆ ಸುಳ್ಳೇಕೆ ಹೇಳಲಿ:
ಊರಲ್ಲಿ ಮೂರು ದಿನ ಒಲೆಯ ಮೇಲೆ ತೂಗಿದರೂ
ಹಸಿ ಬಿಡದ ಕೂಸಿನ ಬಟ್ಟೆ
ಇಲ್ಲಿ ಕಾಲು ಗಂಟೆಗೆ ಹಪ್ಪಳ.
ತಂತಿಯ ಮುಂದೆ ನಿಂತು ಒಬ್ಬನೇ ನಕ್ಕೆ.
ಪಕ್ಕದ ಮನೆಯ ಬೊಲಿವಿಯಾದ ಹೆಂಗಸು
ಪಾಪ, ಹೊಸಬ, ಎಂಬಂತೆ ನೋಡಿದಳು.

ಎಲುನೆಯ್ ಮಾತ್ರ ಹಳದಿ ರಬ್ಬರ್ ಬೂಟು ಬಿಚ್ಚುವುದಿಲ್ಲ.
ಮಳೆ ಬರಲ್ಲ ಮಗಳೇ, ಅಂದರೆ
ಗೊತ್ತು, ಅನ್ನುತ್ತಾಳೆ.
ಬೂಟಿನಲ್ಲೇ ಮಲಗುತ್ತಾಳೆ.

ಹನ್ನೆರಡು ತಾಸಿನ ಪಾಳಿ ಮುಗಿಸಿ
ಬೆಳಗಿನ ಜಾವಕ್ಕೆ ಬಂದಳು ಎದೆಲ್ಮಿರಾ,
ಹುಬ್ಬಿನ ತುಂಬ ಬಿಳಿ ಧೂಳು,
ಒಂದೇ ರಾತ್ರಿಗೆ ತನ್ನ ಅಜ್ಜಿಯಾದವಳಂತೆ.
"ಒಂದು ಗುಡ್ಡವನ್ನು ಅಲ್ಲಿಂದಿಲ್ಲಿಗೆ ತಂದೆ ಇವತ್ತು,"
ಅಂದಳು, ಸಕ್ಕರೆ ತಂದೆ ಅನ್ನುವ ದನಿಯಲ್ಲಿ.
ಮೇಜಿಗೆ ತಲೆಯಿಟ್ಟು ನಿದ್ದೆ ಹೋದಳು.
ಅವಳ ಕೈಯಿಂದ ಚಮಚ ಬಿಡಿಸಿ
ನಾನು ಆಲೂಗಡ್ಡೆ ಸುಲಿಯುತ್ತ ಕೂತೆ.

ಆಗ ನೆಲ ಸ್ವಲ್ಪ ಅಲುಗಿತು.
ದೊಡ್ಡದೇನಲ್ಲ, ಈ ದೇಶದಲ್ಲಿ ದಿನವೂ ಇದ್ದದ್ದೇ.
ದೀಪ ತೂಗಿತು, ಬಾಣಲೆ ಗೋಡೆಯನ್ನು ಎರಡು ಸಲ ತಟ್ಟಿತು.
ಕೂಸು ಏಳಲಿಲ್ಲ. ಅವಳೂ ಏಳಲಿಲ್ಲ.
ಕತ್ತಲ ಕೋಣೆಯಿಂದ ಬೂಟಿನ ಸದ್ದು,
ಬಾಗಿಲಲ್ಲಿ ಎಲುನೆಯ್,
ಕೂದಲು ಕೆದರಿ, ಕಣ್ಣು ಇಷ್ಟಗಲ:

"ಹೊರಟಿತಾ ಅಪ್ಪಾ, ಮನೆ?"