ಕೆಂಪು ಅಂಕಿ, ಕರಿ ಅಂಕಿ

ದೀಪಾವಳಿಗಿಂತ ಮೊದಲ
ಮುಂದಿನ ವರ್ಷ ನನ್ನ ಕೈಗೆ ಬರತೈತಿ,
ಹಸಿ ಮಸಿ ವಾಸನಿ ಹೊತ್ತು, ಹನ್ನೆರಡು ಹಾಳಿಯಾಗಿ.
ಗದಗಿನ ಪ್ರೆಸ್ಸಿನಾಗ
ಕ್ಯಾಲೆಂಡರಿಗೆ ತಗಡಿನ ಪಟ್ಟಿ ಬಡಿಯಾಕಿ ನಾನು.
ಮೊದಲು ಕರಿ ಅಂಕಿ ಅಚ್ಚಾಗತಾವ,
ಕೆಂಪು ಆಮ್ಯಾಲೆ, ಬ್ಯಾರೆ ಪ್ಲೇಟಿನಾಗ.
ಹಬ್ಬ ಅಂದ್ರ
ಎರಡನೇ ಸಲ ಮಷೀನಿಗೆ ಹೋಗಿಬಂದ ದಿನ.

ಅಂಚು ಹರಿದದ್ದೊಂದು ಪ್ರತಿ ಮನಿಗೆ ಒಯ್ತೀನಿ.
ಕಸ್ತೂರಿ ಕನ್ನಡಕ ಹಣಿಮ್ಯಾಲೆ ಏರಿಸಿ
ಮೊದಲು ಪಂಚಮಿ ಹುಡುಕತಾಳ.

ಪಂಚಮಿ ಅಂದ್ರ ಕರಿಯಾಕ ಅಣ್ಣ ಬರೋ ಹಬ್ಬ.
ನನಗ ಅಣ್ಣಿಲ್ಲ. ಆಕಿಗೆ ಇಬ್ಬರು,
ಬೆಟಗೇರಿಯಾಗ, ಸೈಕಲ್ಲಿಗೆ ಹತ್ತು ನಿಮಿಷ.
ಹನ್ನೊಂದು ಪಂಚಮಿ ಆತು,
ಆ ಸೈಕಲ್ಲು ಇನ್ನೂ ಪಂಕ್ಚರ್.

ಮೊದಲ ವರ್ಷ ಆಕಿ ಅಳಲಿಲ್ಲ,
ಶೇಂಗಾ ಹುರದು ಹುರದು ಕರ್ರಗ ಮಾಡಿದ್ಲು.
ಉಂಡಿ ಕಹಿ ಆದ್ವು. ತಿಂದ್ವಿ.
ಪ್ರೆಸ್ಸಿನ ಪಾರ್ಸಲ್ ಹಗ್ಗ ತಂದು
ನಡುಮನಿ ತೊಲಿಗೆ ಜೋಕಾಲಿ ಕಟ್ಟಿದೆ.
ಒಬ್ಬಾಕಿ ಕುಂತ್ರ ಒಬ್ಬಾಕಿ ತೂಗಬೇಕು, ಅಷ್ಟ ಜಾಗ.
ಕಾಲು ಒಮ್ಮೆ ಸಿಲಿಂಡರಿಗೆ,
ಒಮ್ಮೆ ಕಪಾಟಿಗೆ ಬಡೀತಿತ್ತು.

ಈಗ ಆ ಜೋಕಾಲಿ ಇಂಪನಾಂದು. ಏಳು ವರ್ಷದಾಕಿ.
ಕಾಗದದಾಗ ಕಸ್ತೂರಿಯ ದತ್ತು ಮಗಳು.
ಕಾಗದದಾಗ ನಾ ಎಲ್ಲೂ ಇಲ್ಲ,
ದಿನಾ ಕಾಗದ ಎಣಿಸಾಕಿ ಆದ್ರೂ.
ಮನ್ಯಾಗ "ಅವ್ವಾ" ಅಂದ್ರ ಇಬ್ಬರೂ ಓ ಅಂತೀವಿ,
ಯಾರ ಕೈ ಹಿಟ್ಟಾಗಿಲ್ಲೋ ಆಕಿ ಏಳತಾಳ.

ಹೋದ ಪಂಚಮಿಗೆ ಕಟ್ಟಿ ನಾಗಪ್ಪಗ
ಓಣಿ ಹುಡುಗರು ಕೊಬ್ಬರಿ ಬಟ್ಟಲದಾಗ ಹಾಲೆರಿತಿದ್ರು.
ದೇವರ ಪಾಲು, ಗುರುವಿನ ಪಾಲು,
ಅವ್ವನ ಪಾಲು,
ಮತ್ತೊಂದು ಹನಿ, ಮತ್ತ ಅವ್ವನ ಪಾಲು.
ಹಿಂದ ನಿಂತವರ ಬಳಿ ಸಪ್ಪಳ ನಿಂತಿತು.
ಬಟ್ಟಲದಾಗ ಇನ್ನೂ ಹಾಲಿತ್ತು.
ಇಂಪನಾ ಎಲ್ಲಾರ ಮುಖ ನೋಡಿ, ಗಟ್ಟಿಯಾಗಿ
"ಅಪ್ಪನ ಪಾಲು" ಅಂದು ಸುರುವಿದ್ಲು.

ನನ್ನ ಕೈಯಾಗ ಕಸ್ತೂರಿ ಕೈ ತಣ್ಣಗಾತು.
ದಾರ್ಯಾಗ ಕೇಳಿದೆ: ಯಾರ ಅಪ್ಪಂದವಾ ಅದು?
"ಯಾರದರ. ಎಷ್ಟೊಂದು ಮಂದಿಗೆ ಅಪ್ಪ ಇರ್ತಾರಲ್ಲ.
ಹಾಲು ಉಳದಿತ್ತು."

ಉಳದ ಹಬ್ಬ ಇಷ್ಟು ಕಠಿಣ ಇಲ್ಲ.
ರಮಜಾನಕ್ಕ ಮ್ಯಾಲಿನ ಮನಿ ಮೈಮುನ್ನಿಸಾ ಚಾಚಿ
ಏನೂ ಕೇಳದ ಮೂರು ವಾಟಗ ಸುರಕುಂಬಾ ಕಳಸ್ತಾಳ.
ಪಾಡ್ಯಕ್ಕ ಓಣ್ಯಾಗೆಲ್ಲಾ ಗಂಡಸರಿಗೆ ಆರತಿ ಎತ್ತೂ ಹೊತ್ತಿಗೆ
ನಾವು ಸ್ಕೂಟಿಗೆ ಎತ್ತೀವಿ, ಕಸ್ತೂರಿ ಹೊಲಿಗಿ ಮಷೀನಿಗೆ ಎತ್ತೀವಿ.
ತಾಟಿನಾಗ ರೊಕ್ಕ ಹಾಕಂಗಿಲ್ಲ ಅವು,
ವರ್ಷಪೂರ್ತಿ ದುಡೀತಾವ.
ಬಣ್ಣದ ದಿನ ಮಾತ್ರ
ಮಾರ್ಕೆಟ್ಟಿನಾಗ ಕೈ ಕೈ ಹಿಡದು ನಡೀತೀವಿ.
ಬ್ಯಾರೆ ದಿನ "ಅಕ್ಕತಂಗಿ ಏನ್ರಿ?" ಅಂತಾರ;
ಅವತ್ತು ಮುಖ ಹಸಿರು, ಹಲ್ಲು ಕೆಂಪು,
ಕೇಳಾಕ ಯಾರಿಗೂ ಗುರ್ತ ಹತ್ತಂಗಿಲ್ಲ.

ಈ ಸಲ ದಸರಾಕ್ಕ
ಬನ್ನಿಗಿಡದ ಹತ್ರ ಆಕಿ ದೊಡ್ಡಣ್ಣ ಎದುರಾದ.
ನಮ್ಮನ್ನ ನೋಡಲಿಲ್ಲ. ಬಗ್ಗಿ
ಹುಡುಗಿ ಮುಷ್ಟ್ಯಾಗ ಬನ್ನಿ ಇಟ್ಟು
"ಬಂಗಾರದಂಗ ಇರೂಣು" ಅಂದು ಹೋದ.
ಇರೂಣು ಅಂದ್ರ ಯಾರ್ಯಾರು?
ರಾತ್ರಿ ಎರಡಕ್ಕೂ ಕಸ್ತೂರಿ ಎಚ್ಚರ ಇದ್ಲು.
ಬೆವತ ಮುಷ್ಟ್ಯಾಗ ಎಲಿ ಉದುರಿ
ಕಡ್ಡಿ ಅಷ್ಟ ಉಳದಿತ್ತು.
ಜ್ವಾಳದ ಡಬ್ಬ್ಯಾಗ ಇಟ್ಟಾಳ.

ನಿನ್ನೆ ಹೊಸ ಕ್ಯಾಲೆಂಡರ ಮೊಳಿಗೆ ಹಾಕಿದೆ.
ಇಂಪನಾ ಈ ಮನಿಗೆ ಬಂದದ್ದು ಜುಲೈ ಹದಿನೇಳು.
ಮುಂದಿನ ವರ್ಷ ಶುಕ್ರವಾರ,
ಕರಿ ಅಂಕಿ, ಪ್ರೆಸ್ಸಿಗೆ ರಜಾ ಇಲ್ಲ.
ಆಕಿ ಸ್ಟೂಲ್ ಹತ್ತಿ ಸ್ಕೆಚ್ ಪೆನ್ನಿನಿಂದ ಕೆಂಪು ತುಂಬಿದ್ಲು,
ಮನಿ ದಾಟಿ ಹದಿನೆಂಟಕ್ಕೂ ಹತ್ತಿತು ಬಣ್ಣ.
ಶನಿವಾರ ಏನೈತೇ, ಅಂದ್ಲು ಕಸ್ತೂರಿ.

"ಕರಿ," ಅಂದ್ಲು ಸ್ಟೂಲ್ ಮ್ಯಾಲಿನಾಕಿ,
"ಹಬ್ಬದ ಮರುದಿನ ಇರಂಗಿಲ್ಲೇನು?
ಉಳದ ಹೋಳಿಗಿ ಯಾವಾಗ ತಿನ್ನೂದು ಮತ್ತ?"