ಇಪ್ಪತ್ತನಾಲ್ಕು

ಮೊದಲು ಮ್ಯಾಗಜೀನು ಹೊರಗೆ.
ಆಮೇಲೆ ಸ್ಲೈಡು ಹಿಂದಕ್ಕೆಳೆದು
ತೋಟೆಯ ಗೂಡಿಗೆ ಕಿರುಬೆರಳು ಹಾಕಿ ನೋಡಬೇಕು.
ಕಣ್ಣನ್ನು ನಂಬಬೇಡ, ಎನ್ನುತ್ತಿದ್ದರು ಅಪ್ಪ;
ಅವರ ಎಡಗೈಯಲ್ಲಿ ಬೆರಳು ನಾಲ್ಕೇ.

ಲಸ್ರಾದೊ ಪೊರ್ಬುಗಳು ಬೆಂಚಿನ ತುದಿಯಲ್ಲಿ ಕೂತಿದ್ದಾರೆ,
ಕೊಡೆ ಮೊಣಕಾಲ ಸಂದಿಯಲ್ಲಿ,
ಲೈಸೆನ್ಸಿನ ಪುಸ್ತಕ ಪ್ಲಾಸ್ಟಿಕ್ ತೊಟ್ಟೆಯಲ್ಲಿ.
ಹೆಂಚಿನ ಕಾರ್ಖಾನೆಯ ಕ್ಯಾಶಿಯರು. ಶನಿವಾರ ಶನಿವಾರ
ಬ್ಯಾಂಕಿನಿಂದ ಬೋಳಾರಕ್ಕೆ ಇನ್ನೂರು ಜನರ ಬಟವಾಡೆ ತಂದವರು,
ಸೊಂಟದಲ್ಲಿ ಇದು.
ಒಂದು ಸಲವೂ ಹೊಡೆದದ್ದಿಲ್ಲ ಮಾರಾಯ,
ವರ್ಷಕ್ಕೊಮ್ಮೆ, ಮಳೆ ಬಿಟ್ಟ ಮೇಲೆ, ಇದೇ ಮಾತು.
ನಳಿಗೆಯೂ ಅದನ್ನೇ ಹೇಳುತ್ತಿತ್ತು:
ಬೇಡವೆಂದರೂ ಅವರು ಹಚ್ಚಿದ ತೆಂಗಿನೆಣ್ಣೆ
ಗೋಂದಾಗಿ, ಕನಟು ನಾರುತ್ತ.
ಹದಿನೆಂಟು ವರ್ಷ ನಾನು ಕೆರೆದದ್ದು ಅಡುಗೆಮನೆಯನ್ನೇ.

ನಾಳೆ ಠಾಣೆಗೆ ಒಪ್ಪಿಸುತ್ತಾರಂತೆ.
"ಕೈ ನಡುಗುತ್ತದೆ. ಸಾಕು. ಚಂದ ಮಾಡಿ ಕೊಡು."

ಹಿಂದಿನಿಂದಲೇ ಹಾಕಬೇಕು ಹಿತ್ತಾಳೆಯ ಬ್ರಷ್ಷು,
ಗುಂಡು ಹೋಗುವ ದಾರಿಯಲ್ಲೇ.
ಬಾಯಿಂದ ಹಾಕಿದರೆ ಬಾಯಂಚು ಸವೆಯುತ್ತದೆ,
ಸವೆದ ಬಾಯಿ ನೆಟ್ಟಗೆ ಹೇಳುವುದಿಲ್ಲ.
ಸೀಮೆಎಣ್ಣೆ. ಹಳೇ ಮುಂಡಿನ ಚೂರು, ಎರಡು ಬೆರಳಗಲ.
ತಳ್ಳಿದೆ.
ಕಪ್ಪಗೆ ಬಂತು.

ಎಣ್ಣೆಯ ಕಪ್ಪಲ್ಲ. ಒಣ ಕಪ್ಪು.
ಮೂಗಿಗೆ ಹಿಡಿದೆ: ದೀಪಾವಳಿಯ ಮರುದಿನದ ಅಂಗಳ.

ಗುಂಡಿನ ಡಬ್ಬಿ ತೆರೆದು ಎಣಿಸಿದೆ.
ಪುಸ್ತಕದಲ್ಲಿ ಇಪ್ಪತ್ತೈದು.
ಮತ್ತೆ ಎಣಿಸಿದೆ.
ಅವರು ಹೊರಗೆ ನೋಡುತ್ತಿದ್ದರು, ಅಲ್ಲಿ
ಯಾರೋ ಬೂತಾಯಿ ಬುಟ್ಟಿ ಇಳಿಸುತ್ತಿದ್ದರು, ಐಸು ಸೋರುತ್ತಿತ್ತು.

"ಚಿಮಣಿ ಕೆಡವಿದರಲ್ಲ ಮೊನ್ನೆ," ಎಂದರು,
ನನಗಲ್ಲ, ಕೊಡೆಗೆ.
"ನಾನು ಹೊಳೆಬದಿಯಲ್ಲಿ ನಿಂತಿದ್ದೆ. ಒಬ್ಬನೇ.
ಎಂಥ ಶಬ್ದ ಮಾರಾಯ, ಅದು ಬೀಳುವಾಗ!
ಅದರೊಳಗೆ ಇನ್ನೊಂದು ಶಬ್ದ ಇದ್ದಿದ್ದರೂ
ಯಾರಿಗೆ ಕೇಳುತ್ತಿತ್ತು?"

ಯಾರಿಗೂ ಇಲ್ಲ, ಎಂದೆ.

ಎರಡನೇ ಚೂರು ಬೂದಿ. ಮೂರನೆಯದು ಮೋಡ.
ಗೂಡಿನ ಕೊರಳಲ್ಲಿ, ತೋಟೆ ಕೂತು ಎದ್ದ ಜಾಗದಲ್ಲಿ
ತೆಳ್ಳಗೊಂದು ಉಂಗುರ; ಅದು ಬೇಗ ಬಿಡಲಿಲ್ಲ.
ಅಲ್ಲಿ ಜಾಸ್ತಿ ಪಾಲಿಶ್ ಮಾಡಬಾರದು, ಗೂಡು ಸಡಿಲವಾಗುತ್ತದೆ.
ಆದರೂ ಉಜ್ಜಿದೆ, ಕಡ್ಡಿಗೆ ಬಟ್ಟೆ ಸುತ್ತಿ, ಉಸಿರು ಹಿಡಿದು,
ಏಳನೆಯದು ಬೆಳ್ಳಗೆ ಬರುವವರೆಗೆ.

ನಳಿಗೆಯನ್ನು ಬಲ್ಬಿಗೆ ಹಿಡಿದರೆ
ಆರು ಗೆರೆ ಬಲಕ್ಕೆ ತಿರುಗುತ್ತ ಬೆಳಕಿನ ಕಡೆ ಹೋಗುತ್ತವೆ,
ಒಮ್ಮೆಯೂ ಹೊಡೆಯದವರದರ ಹಾಗೆ.

ಅವರೂ ನೋಡಿದರು, ಒಂದು ಕಣ್ಣು ಮುಚ್ಚಿ, ತುಂಬ ಹೊತ್ತು.
"ಗುಂಡಿನ ಲೆಕ್ಕ ಕೇಳುತ್ತಾರಾ ಅಲ್ಲಿ?"
"ಕೇಳುತ್ತಾರೆ."
"ಮೂವತ್ತೊಂದು ವರ್ಷ ಒಂದು ಪೈಸೆ ತಪ್ಪಿದವನಲ್ಲ ನಾನು."
ಹೇಳುವಾಗ ಮುಖದಲ್ಲಿ, ದೇವರಾಣೆ, ನಗು.

ನನ್ನ ಕೂಲಿ ಎಣಿಸಿಟ್ಟರು. ಮತ್ತೆ ಬೆಂಚಿಗೆ ಬಗ್ಗಿ,
ಆ ಮೊದಲನೆಯ ಚೂರನ್ನು ಹೆಕ್ಕಿ,
ಹೊಸ ನೋಟಿನ ಹಾಗೆ ನಾಲ್ಕಾಗಿ ಮಡಚಿ
ಒಳಜೇಬಿಗೆ ಹಾಕಿಕೊಂಡರು.